ಯಂತ್ರಕ್ಕೆ ಕಲಿಸಿದ ಕೊಸರು

ರೋಗಕ್ಕೆ ಬಸ್ಸಿನ ಟೈಮು ಗೊತ್ತಿರುವುದಿಲ್ಲ. ಇಂಡಿಗೆ ಒಂದು, ಸಿಂದಗಿಗೆ ಒಂದು, ಮುದ್ದೇಬಿಹಾಳಕ್ಕೆ ಒಂದು, ನಮ್ಮ ಬಸವನ ಬಾಗೇವಾಡಿಗೆ ಒಂದು ಎಂದು ಹಂಚಿಕೊಂಡು ಅದು ಒಂದೇ ಬೆಳಿಗ್ಗೆ ಬರುವುದಿಲ್ಲ. ಆದರೆ ಮೇ ತಿಂಗಳ ಆ ಸೋಮವಾರ ಹನ್ನೊಂದೂವರೆಗೆ ನನ್ನ ಕೈಯಲ್ಲಿದ್ದ ಪ್ಲಾಸ್ಟಿಕ್ ಪ್ಲೇಟಿನಲ್ಲಿ ಅದು ಹಾಗೆಯೇ ಬಂದು ಕೂತಿತ್ತು. ನಾಲ್ಕು ಊರಿನ ನಾಲ್ಕು ಗುಳಿಗಳಲ್ಲಿ ತೆಳ್ಳನೆಯ ಹಳದಿ. ನಾಲ್ಕೂ ಗೆರೆಗಿಂತ ಕೂದಲೆಳೆಯಷ್ಟು ಮೇಲೆ.

ನಾನು ಬಾಗೇವಾಡಿಯ ಒಂದು ಖಾಸಗಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಹದಿನೇಳು ವರ್ಷದಿಂದ ಇದ್ದೇನೆ. ಉಳಿದ ಮೂರು ಊರುಗಳಿಂದ ದಿನಾ ಬೆಳಿಗ್ಗೆ ಬರ್ಫ ತುಂಬಿದ ಥರ್ಮಾಕೋಲ್ ಡಬ್ಬಿಗಳು ಬಸ್ಸಿನಲ್ಲಿ ಬರುತ್ತವೆ. ಕಂಡಕ್ಟರು ಸ್ಟ್ಯಾಂಡಿನಲ್ಲಿ ಅವನ್ನು ನಮ್ಮ ಕೈಗೆ ಕೊಟ್ಟು ಹೋಗುತ್ತಾರೆ. ಮೊದಲು ಎಲ್ಲವನ್ನೂ ನಾನು ಕೈಯಲ್ಲೇ ಅಳೆದು ಹಾಕುತ್ತಿದ್ದೆ. ಎರಡು ವರ್ಷದ ಹಿಂದೆ ಮಾಲೀಕರು ಒಂದು ಮಷೀನು ತರಿಸಿದರು. ಗಾಜಿನ ಪೆಟ್ಟಿಗೆಯೊಳಗೆ ಎಂಟು ಬೆರಳು. ಒಂದೊಂದು ಬೆರಳೂ ಒಂದೊಂದು ಕೊಳವೆಯಿಂದ ರಕ್ತದ ತಿಳಿಯನ್ನು, ಅಂದರೆ ಸೀರಂ ಅನ್ನು ಹೀರಿಕೊಂಡು, ತೊಂಬತ್ತಾರು ಗುಳಿಗಳ ಪ್ಲೇಟಿಗೆ ಅಳೆದು ಬಿಡುತ್ತದೆ. ಒಂದು ಗುಳಿಗೆ ನೂರು ಮೈಕ್ರೋಲೀಟರು, ಹೆಚ್ಚೆಂದರೆ ಎರಡು ಮೂರು ಹನಿ. ಮನುಷ್ಯರ ಕೈ ಮಧ್ಯಾಹ್ನದ ಹೊತ್ತಿಗೆ ನಡುಗುತ್ತದೆ, ಇದರ ಕೈ ನಡುಗುವುದಿಲ್ಲ ಎಂದು ಅದನ್ನು ಕೂಡಿಸಲು ಬಂದ ಇಂಜಿನಿಯರು ಹೇಳಿ ಹೋಗಿದ್ದ. ನಡುಗದ ಕೈಯೂ ತಪ್ಪು ಅಳೆಯಬಹುದು ಎಂದು ಮಾತ್ರ ಅವನು ಹೇಳಿರಲಿಲ್ಲ.

ಅಂದು ಮಾಡಿದ್ದು ಹೆಪಟೈಟಿಸ್ ಬಿ ಪರೀಕ್ಷೆ. ರಕ್ತದಿಂದ ರಕ್ತಕ್ಕೆ, ಹೆರುವ ತಾಯಿಯಿಂದ ಕೂಸಿಗೆ ದಾಟುವ ಕಾಮಾಲೆ ಅದು. ಸೀರಮ್ಮಿಗೆ ಔಷಧಿ ಬೆರೆಸಿ ಕಾಯ್ದರೆ ರೋಗ ಇದ್ದವರ ಗುಳಿ ಹಳದಿಯಾಗುತ್ತದೆ, ಇಲ್ಲದವರದು ನೀರಿನಂತೆ ಉಳಿಯುತ್ತದೆ. ಎಷ್ಟು ಹಳದಿಯಾದರೆ ‘ಇದೆ’ ಎನ್ನಬೇಕು ಎಂಬ ಗೆರೆಯನ್ನು ಪ್ರತಿ ಸಲವೂ ಹೊಸದಾಗಿ ಗೊತ್ತು ಮಾಡಿಕೊಳ್ಳಬೇಕು. ಅದಕ್ಕೆಂದೇ ಕಿಟ್ಟಿನ ಜೊತೆ ಎರಡು ಪುಟ್ಟ ಬಾಟಲಿಗಳಲ್ಲಿ ಕಂಟ್ರೋಲ್ ಎನ್ನುವ ದ್ರವ ಬರುತ್ತದೆ. ಅದು ಸರಿಯಾಗಿ ಬಂದರೆ ಪ್ಲೇಟು ಸರಿ ಎಂದು ಲೆಕ್ಕ. ಅವತ್ತು ಕಂಟ್ರೋಲ್ ಸರಿಯಾಗಿಯೇ ಬಂದಿತ್ತು. ನನ್ನನ್ನು ಕಾಡಿದ್ದೂ ಅದೇ.

ನಾಲ್ವರಲ್ಲಿ ಮೂವರ ರಿಪೋರ್ಟಿಗೆ ಸಂಜೆಯವರೆಗೆ ಸಮಯವಿತ್ತು. ನಾಲ್ಕನೆಯವಳಿಗೆ ಇರಲಿಲ್ಲ. ಆಕೆ ತಂಗಡಗಿಯವಳು, ಚೊಚ್ಚಲ ಬಸುರಿ. ಬೆಳಗಿನ ಜಾವಕ್ಕೆ ಹೆರಿಗೆಯ ಬ್ಯಾನೆ ಶುರುವಾಗಿ ಮುದ್ದೇಬಿಹಾಳದ ಒಂದು ಸಣ್ಣ ಹೆರಿಗೆ ಆಸ್ಪತ್ರೆಗೆ ಬಂದಿದ್ದಳು. ಅಲ್ಲಿಯ ಡಾಕ್ಟರಿಗೆ ಒಂದು ನಿಯಮ: ಈ ರಿಪೋರ್ಟ್ ಇಲ್ಲದೆ ಹೆರಿಗೆ ಕೋಣೆಗೆ ಯಾರನ್ನೂ ಬಿಡುವುದಿಲ್ಲ, ರಿಪೋರ್ಟು ಕೆಟ್ಟದಾಗಿದ್ದರೆ ವಿಜಯಪುರದ ದಾರಿ ತೋರಿಸುವುದು. ಎರಡು ತಾಸಿನ ದಾರಿ ಅದು. ಮುದ್ದೇಬಿಹಾಳದ ನರ್ಸು ಬೆಳಿಗ್ಗೆಯಿಂದ ಮೂರನೇ ಸಲ ಫೋನು ಮಾಡಿದಾಗ ನನ್ನ ಕಣ್ಣು ಪ್ಲೇಟಿನ ಮೇಲಿತ್ತು, ತಲೆ ಎಲ್ಲೋ ಇತ್ತು. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

“ತೆಳ್ಳಗ ಬಂದೈತ್ರಿ ಸಿಸ್ಟರ್. ರಿಯಾಕ್ಟಿವ್ ಇದ್ದಂಗ ಕಾಣ್ತೈತಿ. ಆದ್ರ ತಡೀರಿ, ಇನ್ನೊಮ್ಮೆ ನೋಡಿ ಹೇಳ್ತೇನಿ.”

ರಿಯಾಕ್ಟಿವ್ ಎಂದರೆ ರೋಗ ಇದೆ ಎಂದು. ನರ್ಸು ಆ ಮೊದಲಿನ ಅರ್ಧ ಮಾತ್ರ ಕೇಳಿಸಿಕೊಂಡಳು. ಫೋನನ್ನು ಕಿವಿಯಿಂದ ತೆಗೆಯದೆಯೇ ಆಕೆ ಅದನ್ನು ಯಾರಿಗೋ ಜೋರಾಗಿ ಹೇಳಿದ್ದು ನನಗೆ ಕೇಳಿಸಿತು. ಹಿಂದಿನಿಂದ ಒಬ್ಬ ಹೆಂಗಸು “ಅಯ್ಯ ಯವ್ವಾ” ಎಂದದ್ದೂ ಕೇಳಿಸಿತು.

“ಡಾಕ್ಟರ್ ಮೂರು ಗಂಟೆತನಾ ನೋಡ್ತಾರಂತ್ರಿ ಬಾಯಾರ,” ಎಂದಳು ನರ್ಸು. “ಮೂರಕ್ಕ ಕ್ಲಿಯರ್ ಅಂತ ನಿಮ್ಮ ರಿಪೋರ್ಟ್ ಬರ್ಲಿಲ್ಲಂದ್ರ ಕಳಸೇಬಿಡ್ತಾರ.”

“ರೋಗ ಇದ್ರೂ ಹೆರಿಗಿ ಮಾಡಸಾಕ ಬರ್ತೈತ್ರಿ. ಕೈಗೆ ಗ್ಲೌಸ್ ಹಾಕ್ಕೊಂಡು ನೋಡ್ಕೊಂಡು ಮಾಡಿದ್ರ ಯಾರಿಗೂ ಏನೂ ಆಗೂದಿಲ್ಲ. ಕೂಸಿಗೆ ಹುಟ್ಟಿದ ಕೂಡ್ಲೆ ಸೂಜಿ ಹಾಕಿದ್ರಾತು. ಇದನ್ನ ಡಾಕ್ಟರಿಗೆ ನಾ ಹೇಳಬೇಕೇನು?”

“ನನಗ ಬೈದ್ರ ಏನ್ ಬಂತ್ರಿ, ಬಾಯಾರ?” ಎಂದು ಆಕೆ ಫೋನು ಇಟ್ಟಳು. ಆಕೆಯ ಮಾತೂ ಸರಿಯೇ. ನನಗೆ ಸಿಟ್ಟು ಬಂದರೆ ಎದುರಿಗೆ ಸಿಕ್ಕವರ ಮೇಲೆ ಬರುತ್ತದೆ, ಬರಬೇಕಾದವರ ಮೇಲೆ ಬರುವುದಿಲ್ಲ. ಈ ಚಟ ನನಗೆ ಚಿಕ್ಕಂದಿನಿಂದಲೂ ಇದೆ.

ಲ್ಯಾಬಿನಲ್ಲಿ ನನ್ನ ಜೊತೆಗಿರುವವರು ಒಬ್ಬರೇ. ಮಸೂತಿಯಿಂದ ಬೈಕಿನ ಮೇಲೆ ಬಂದು ಹೋಗುವ, ನನಗಿಂತ ಹದಿನೈದು ವರ್ಷ ದೊಡ್ಡವರಾದ ಟೆಕ್ನಿಶಿಯನ್ನು. ನಾನು ಅವರನ್ನು ಕಾಕಾ ಎಂದೇ ಕರೆಯುವುದು. ನಾಲ್ಕು ಹಳದಿ ಗುಳಿಗಳನ್ನು ಅವರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದರು.

“ನಾಕೂ ಊರಿಂದ ಒಂದೊಂದು,” ಎಂದರು. “ಹಿಂಗ ಯಾವತ್ತೂ ಬಂದಿಲ್ಲಲ್ಲ ಬಾಯಾರ.”

“ಮಷೀನಿನ ಕೈ ಹೆಚ್ಚು ಬಿಡಾಕತ್ತೈತೇನೋ ಕಾಕಾ. ಸೀರಂ ಹೆಚ್ಚಾದ್ರ ಹಳದಿನೂ ಹೆಚ್ಚಾಕ್ಕೈತಿ. ತೂಗಿ ನೋಡೂಣು.”

“ಶನಿವಾರ ನಾನ ತೂಗೇನಲ್ರಿ. ನೀವು ಮದಿವಿಗೆ ಹೋದಾಗ. ಬರೋಬ್ಬರಿ ಇತ್ತು.” ಅವರು ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. ಆಗ ಅದು ನನ್ನ ಗಮನಕ್ಕೆ ಬರಲಿಲ್ಲ.

ತೂಗುವುದೆಂದರೆ ಹೀಗೆ. ಮಷೀನಿಗೆ ಸೀರಮ್ಮಿನ ಬದಲು ಶುದ್ಧ ನೀರು ಕೊಟ್ಟು, ನೂರು ಬಿಡು ಎಂದು ಹೇಳಿ, ಅದು ಬಿಟ್ಟದ್ದನ್ನು ತಕ್ಕಡಿಯಲ್ಲಿ ಇಡುವುದು. ನೂರು ಮೈಕ್ರೋಲೀಟರ್ ನೀರು ನೂರು ಮಿಲಿಗ್ರಾಮಿಗೆ ತುಸು ಕಡಿಮೆ ತೂಗಬೇಕು. ಒಮ್ಮೆ ತೂಗಿದರೆ ಸಾಲದು, ಹತ್ತು ಸಲ ತೂಗಬೇಕು. ನಮ್ಮ ತಕ್ಕಡಿ ಬಂಗಾರದ ಅಂಗಡಿಯದಕ್ಕಿಂತ ಸೂಕ್ಷ್ಮ. ಅದಕ್ಕೇ ಒಂದು ಗಾಜಿನ ಗೂಡಿದೆ. ರಸ್ತೆಯಲ್ಲಿ ಬಸ್ಸು ಹೋದರೂ ಅಂಕಿ ಕುಣಿಯುತ್ತದೆಂದು ಅದನ್ನು ತಾಳಿಕೋಟೆಯ ದಪ್ಪ ಪರಸಿ ಕಲ್ಲಿನ ಮೇಲೆ ಇಟ್ಟಿದ್ದೇವೆ.

ಹನ್ನೆರಡಕ್ಕೆ ಶುರು ಮಾಡಿದೆವು. ಅವಸರವಿತ್ತು. ಕಾಕಾ ಶನಿವಾರ ಬಳಸಿದ್ದ ಅಗಲ ಬಾಯಿಯ ಸಣ್ಣ ಬಟ್ಟಲನ್ನೇ ಮಷೀನಿನೊಳಗೆ ಇಟ್ಟರು. ಒಂದು ಬೆರಳು ಇಳಿದು ನೀರು ಬಿಟ್ಟಿತು. ಅವರು ಅದನ್ನು ಚಿಮಟಿಗೆಯಲ್ಲಿ ಹಿಡಿದು ಕೋಣೆಯ ಈ ತುದಿಗೆ ತಂದು ತಕ್ಕಡಿಯಲ್ಲಿಟ್ಟರು. ನಾನು ಅಂಕಿ ಬರೆದುಕೊಂಡೆ. ನೂರಮೂರು. ಮತ್ತೆ ನೂರಮೂರು. ನೂರೆರಡು. ನೂರಮೂರು.

ಆ ಎರಡು ಮೂರು ಹೆಚ್ಚು ಯಾಕೆಂದು ನನಗೆ ಗೊತ್ತಿತ್ತು. ಅದು ನನ್ನದೇ ಕರಾಮತ್ತು. ಇದನ್ನು ಇಲ್ಲಿ ಹೇಳಲೇಬೇಕು.

ನಮ್ಮ ಅಪ್ಪನಿಗೆ ಇದೇ ಊರಿನಲ್ಲಿ ಎಣ್ಣೆ ಅಂಗಡಿ ಇತ್ತು. ಕುಸುಬಿ ಎಣ್ಣೆಯನ್ನು ಅಳತೆಯ ಮಾಪಿನಲ್ಲಿ ತುಂಬಿ ಗಿರಾಕಿಯ ಡಬ್ಬಿಗೆ ಸುರಿದ ಮೇಲೆ, ಅಪ್ಪ ಮಾಪನ್ನು ಮತ್ತೊಮ್ಮೆ ಪೀಪಾಯಿಯಲ್ಲಿ ಅದ್ದಿ ಒಂದು ಗುಟುಕು ಮೇಲೆ ಸುರಿಯುತ್ತಿದ್ದ. ಅದೇ ಕೊಸರು. ಅದು ಅಳತೆಯಲ್ಲಿ ಸೇರುವುದಿಲ್ಲ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಹಾಕದಿದ್ದರೆ ಗಿರಾಕಿ ಡಬ್ಬಿ ಮುಚ್ಚದೆ ಹಾಗೇ ನಿಂತಿರುತ್ತಾನೆ. ಕಡಿಮೆ ಅಳೆದವನ ಮನೆ ಉದ್ಧಾರವಾಗುವುದಿಲ್ಲ ಎಂಬುದು ನಾನು ಅನ್ನದ ಜೊತೆಗೆ ಉಂಡು ಬೆಳೆದ ಮಾತು. ಮಷೀನು ಬಂದ ಹೊಸದರಲ್ಲಿ ತೂಗಿ ನೋಡಿದಾಗ ನೂರಕ್ಕೆ ತುಸು ಕಡಿಮೆ ಬಂತು. ಮಿತಿಯೊಳಗೇ ಇದೆ ಎಂದ ಇಂಜಿನಿಯರು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಅವನು ಹೋದ ಮೇಲೆ ಮಷೀನಿನ ಕಂಪ್ಯೂಟರಿನಲ್ಲಿ ಅಳತೆ ತಿದ್ದುವ ಜಾಗ ಹುಡುಕಿ ಎರಡು ಸೇರಿಸಿದೆ. ನೂರೆರಡು, ಅದೂ ಮಿತಿಯೊಳಗೇ. ಕಡಿಮೆ ಬಿಡುವುದಕ್ಕಿಂತ ಹೆಚ್ಚು ಬಿಡಲಿ ಎಂದುಕೊಂಡೆ. ರಿಜಿಸ್ಟರಿನಲ್ಲಿ ಬರೆಯಲಿಲ್ಲ. ಕೊಸರನ್ನು ಯಾರಾದರೂ ಬರೆಯುತ್ತಾರೆಯೇ? ಕಾಕಾಗೆ ಮಾತ್ರ ಎಲ್ಲಿ, ಹೇಗೆ ಎಂದು ತೋರಿಸಿದ್ದೆ, ಸ್ವಲ್ಪ ಜಂಬದಿಂದಲೇ.

ಹಾಗಾಗಿ ನೂರಮೂರು ನೋಡಿ ನನಗೆ ಹೊಸದೇನೂ ಅನ್ನಿಸಲಿಲ್ಲ. ಆರು ಸಲ ತೂಗುವಷ್ಟರಲ್ಲಿ ಹನ್ನೆರಡೂಕಾಲು ದಾಟಿತ್ತು. ಮಷೀನು ತನ್ನ ಎಂದಿನ ಅಳತೆಯನ್ನೇ ಬಿಡುತ್ತಿದೆ ಎಂದರೆ ಹಳದಿಯಾದದ್ದು ನಿಜವಾಗಿಯೂ ರೋಗದಿಂದಲೇ. ತಂಗಡಗಿಯ ಹುಡುಗಿ ಇನ್ನು ಕಾಯುತ್ತ ಕೂರುವುದು ದಂಡ, ಹೋಗುವುದಾದರೆ ಬಿಸಿಲು ಏರುವ ಮೊದಲು ಹೋಗಲಿ. ಫೋನು ತೆಗೆದು ಮುದ್ದೇಬಿಹಾಳಕ್ಕೆ ಹಚ್ಚಿದೆ. ರಿಂಗು ಹೋಗುತ್ತಿತ್ತು. ಆಕೆಗೆ ರೋಗ ಇರುವುದು ಖರೆ ಎಂದು ಹೇಳಲು ಮಾತು ಕೂಡಿಸಿಕೊಳ್ಳುತ್ತ ಕಣ್ಣನ್ನು ಸುಮ್ಮನೆ ತಕ್ಕಡಿಯ ಮೇಲೆ ಇಟ್ಟಿದ್ದೆ.

ಅಂಕಿ ಇಳಿಯುತ್ತಿತ್ತು.

ನೂರೆರಡು ಇದ್ದದ್ದು ನೂರೊಂದಾಯಿತು. ನೋಡುತ್ತಿದ್ದಂತೆಯೇ ನೂರಕ್ಕೆ ಬಂತು. ಬಟ್ಟಲನ್ನು ಯಾರೂ ಮುಟ್ಟಿರಲಿಲ್ಲ. ತಲೆಯ ಮೇಲೆ ಫ್ಯಾನು ಗಿರಗಿರ ತಿರುಗುತ್ತಿತ್ತು. ನಮ್ಮ ಕಡೆಯ ಮೇ ತಿಂಗಳ ಗಾಳಿಯಲ್ಲಿ ಒದ್ದೆ ಧೋತರ ಹರವಿ ಬೆನ್ನು ತಿರುಗಿಸುವುದರೊಳಗೆ ಒಣಗಿರುತ್ತದೆ. ಅಗಲ ಬಾಯಿಯ ಬಟ್ಟಲಿನ ಎರಡು ಹನಿ ನೀರಿನ ಪಾಡೇನು? ಮಷೀನಿನಿಂದ ತಕ್ಕಡಿಗೆ ತರುವ ಒಂದು ನಿಮಿಷದಲ್ಲಿ ಅದು ಎಷ್ಟು ಆರಿ ಹೋಗಿತ್ತೋ! ನಾವು ತೂಗುತ್ತಿದ್ದುದು ಮಷೀನು ಬಿಟ್ಟ ನೀರನ್ನಲ್ಲ, ಗಾಳಿ ಕುಡಿದು ಉಳಿಸಿದ ನೀರನ್ನು.

ಆ ಕಡೆಯಿಂದ “ಹಲೋ, ಹಲೋ” ಎಂಬ ದನಿ ಬಂತು. “ಇನ್ನೂ ಆಗಿಲ್ರಿ ಸಿಸ್ಟರ್, ಆಮ್ಯಾಲ ಮಾಡ್ತೇನಿ,” ಎಂದು ಇಟ್ಟುಬಿಟ್ಟೆ. ಇನ್ನೊಂದು ಗಳಿಗೆ ತಡವಾಗಿದ್ದರೆ ಆ ಮಾತನ್ನು ಆಡಿಯೇ ಬಿಡುತ್ತಿದ್ದೆ.

“ಕಾಕಾ, ಫ್ಯಾನ್ ಬಂದ್ ಮಾಡ್ರಿ. ಕಿಡಕಿ ಹಾಕ್ರಿ. ಮುಚ್ಚಳ ಇರೋ ಸಣ್ಣ ಶೀಶೆ ಕೊಡ್ರಿ.”

ಫ್ಯಾನು ನಿಂತಿತು, ಕಿಟಕಿ ಮುಚ್ಚಿತು, ಐದು ನಿಮಿಷದಲ್ಲಿ ಕೋಣೆ ಕಾದ ಹಂಚಾಯಿತು. ಕಿರಿದಾದ ಬಾಯಿಯ ಶೀಶೆಗೆ ನೀರು ಬಿಡಿಸಿ, ಬೆರಳು ಮೇಲೆದ್ದ ಕೂಡಲೇ ಮುಚ್ಚಳ ಹಾಕಿ, ತಕ್ಕಡಿಯ ಗಾಜಿನ ಗೂಡಿನೊಳಗಿಟ್ಟು ಬಾಗಿಲು ಸರಿಸಿದೆ. ಬೆವರು ಹನಿದು ಕಲ್ಲಿನ ಮೇಲೆ ಬೀಳದಿರಲಿ ಎಂದು ಸೆರಗಿನಿಂದ ಹಣೆ ಒತ್ತಿಕೊಂಡೆ. ಹೊರಗೆ ಒಂದು ಲಾರಿ ಹೋಯಿತು, ಅಂಕಿ ನಡುಗಿತು. ಇಬ್ಬರೂ ಉಸಿರು ಬಿಗಿಹಿಡಿದು ನಿಂತೆವು. ಅಂಕಿ ನಿಂತಿತು.

ನೂರೆಂಟು.

ಎರಡನೆಯದು ನೂರೆಂಟು. ಮೂರನೆಯದು ನೂರೇಳು. ಆಮೇಲೆ ಮತ್ತೆ ನೂರೆಂಟು. ಹತ್ತು ಸಲ ಮಾಡಿದೆ. ಎಂಟು ಬೆರಳಿನಲ್ಲಿ ಯಾವುದೋ ಒಂದು ಕೆಟ್ಟಿರಬಹುದೆಂದು ಬೆರಳು ಬದಲಿಸಿ ಮಾಡಿದೆ. ಎಲ್ಲವೂ ಒಂದೇ ಮಾತು ಹೇಳಿದವು. ಮಷೀನು ನೂರು ಎಂದು ಹೇಳಿ ನೂರೆಂಟು ಬಿಡುತ್ತಿತ್ತು, ಒಂದಿಷ್ಟೂ ನಡುಗದೆ.

ಕಂಪ್ಯೂಟರಿನಲ್ಲಿ ಅಳತೆ ತಿದ್ದುವ ಜಾಗ ತೆರೆದೆ. ನಾನು ಎರಡು ಎಂದು ಹಾಕಿದ್ದಲ್ಲಿ ಎಂಟು ಎಂದಿತ್ತು.

“ಇದನ್ನ ಯಾರು ಮುಟ್ಟ್ಯಾರ?” ಎಂದು ಕೂಗಿದೆ. ಲ್ಯಾಬಿನಲ್ಲಿ ಇದ್ದವರೇ ಇಬ್ಬರು, ನಾನು ಮುಟ್ಟಿರಲಿಲ್ಲ. ಪ್ರಶ್ನೆ ಕೇಳುವ ಅಗತ್ಯವೇ ಇರಲಿಲ್ಲ, ಆದರೂ ಕೇಳಿದೆ.

ಕಾಕಾ ಕುರ್ಚಿ ಹಿಡಿದು ನಿಂತರು. “ಶನಿವಾರ ತೂಗಿದಾಗ ತೊಂಬತ್ತೇಳು ಬಂತ್ರಿ. ಹತ್ತು ಸಲ ಮಾಡಿದ್ರೂ ತೊಂಬತ್ತೇಳ. ಮಂದಿ ಬ್ಯಾನಿ ಬಂದು ರಕ್ತ ಕೊಟ್ಟಿರ್ತಾರ, ಕಮ್ಮಿ ಬೀಳಬಾರದಂತ ಮ್ಯಾಲ ಆರು ಕೂಡಿಸೇನಿ. ಆಮ್ಯಾಲ ನೂರಾಮೂರು ಬಂತು. ಚಲೋ ಆತಂತ ಬಿಟ್ಟೆ.”

“ಫ್ಯಾನಿನ ಕೆಳಗ ತೂಗಿ?”

“ಸೆಕಿ ಭಾಳ ಇತ್ರಿ.”

“ಬರದಿಲ್ಲ, ಹೇಳಿಲ್ಲ! ಮುಂಜಾನಿ ಕೇಳಿದ್ರ ಬರೋಬ್ಬರಿ ಐತಿ ಅಂದ್ರಿ! ಆ ಹುಡುಗಿನ್ನ ದಾರಿಗೆ ಹಾಕಾಕತ್ತಿದ್ವಿ ಕಾಕಾ, ನಾವಿಬ್ಬರೂ ಕೂಡಿ!”

ಅವರು ಮೆಲ್ಲಗೆ, ನನ್ನನ್ನು ಚುಚ್ಚಲೆಂದೇನೂ ಅಲ್ಲ, ಇದ್ದದ್ದನ್ನು ಇದ್ದಹಾಗೆ ಹೇಳಿದರು: “ನೀವು ಹಾಕಿದ್ದು ನೋಡೇ ನಾನೂ ಹಾಕೇನಿ ಬಾಯಾರ. ನೀವೂ ಬರದಿರ್ಲಿಲ್ಲ.”

ಅಲ್ಲಿಯವರೆಗೆ ನಾನು ಸಿಟ್ಟು ಮಾಡಲು ಒಬ್ಬರನ್ನು ಹುಡುಕಿಕೊಂಡಿದ್ದೆ, ಈಗ ಅವರೂ ಕೈತಪ್ಪಿ ಹೋದರು. ಕಂಟ್ರೋಲ್ ಯಾಕೆ ಸರಿಯಾಗಿ ಬಂತು ಎಂಬುದೂ ಆಗಲೇ ಹೊಳೆಯಿತು. ಮಷೀನು ಬಾಟಲಿಯ ತಳದಲ್ಲಿ ಸ್ವಲ್ಪ ಉಳಿಸಿಬಿಡುತ್ತದೆ, ಕಂಟ್ರೋಲಿನ ಬಾಟಲಿಯೇ ಚಿಕ್ಕದು, ಯಾಕೆ ಹಾಳು ಮಾಡುವುದೆಂದು ಅದೊಂದನ್ನು ಮಾತ್ರ ನಾನು ಯಾವಾಗಲೂ ಕೈಯಿಂದ ಹಾಕುತ್ತೇನೆ. ಹೀಗಾಗಿ ಗೆರೆ ಎಳೆದದ್ದು ಸರಿಯಾದ ಅಳತೆಯಿಂದ, ಜನರನ್ನು ಅಳೆದದ್ದು ಕೊಸರು ಹಾಕಿದ ಅಳತೆಯಿಂದ. ಗೆರೆಯ ಕೆಳಗೆ ಹತ್ತಿರದಲ್ಲಿದ್ದ ನಾಲ್ವರನ್ನು ನಾವೇ ಎತ್ತಿ ಮೇಲೆ ಕೂರಿಸಿದ್ದೆವು. ಎಣ್ಣೆಗೂ ರಕ್ತಕ್ಕೂ ವ್ಯತ್ಯಾಸ ತಿಳಿಯದ ನನ್ನ ಬುದ್ಧಿಗೆ ಏನೆನ್ನಬೇಕು? ಎಣ್ಣೆ ಹೆಚ್ಚಾದರೆ ಒಗ್ಗರಣೆಗೆ ಆಗುತ್ತದೆ. ಇಲ್ಲಿ ಹೆಚ್ಚಾದದ್ದು ಒಬ್ಬಳ ಮೈಮೇಲೆ ರೋಗವಾಗಿ ಕೂತಿತ್ತು.

ಆದರೆ ಇದೂ ಊಹೆಯೇ. ಅಳತೆ ಸರಿಮಾಡಿ ನೋಡಿದರೂ ಹಳದಿಯೇ ಬರಬಹುದು. ಕೈಯಿಂದ ಇನ್ನೊಮ್ಮೆ ಮಾಡದೆ ಏನೂ ಹೇಳುವ ಹಾಗಿರಲಿಲ್ಲ. ಅದಕ್ಕೆ ಎರಡು ತಾಸಿನ ಮೇಲೆ ಬೇಕು. ಗಡಿಯಾರ ಒಂದಕ್ಕೆ ಹತ್ತು ನಿಮಿಷ ಕಡಿಮೆ ತೋರಿಸುತ್ತಿತ್ತು.

ಕೈಯಿಂದ ಅಳೆದು ಹಾಕುವ ನನ್ನ ಹಳೆಯ ಪಿಪೆಟ್ಟನ್ನು ತೆಗೆದು, ಮೊದಲು ಅದನ್ನೂ ನೀರಿನಿಂದ ತೂಗಿದೆ. ಸರಿಯಾಗಿತ್ತು. ನಾಲ್ವರ ಸೀರಂ, ಒಬ್ಬೊಬ್ಬರದು ಮೂರು ಮೂರು ಗುಳಿಗೆ. ತಂಗಡಗಿಯವಳ ಕೊಳವೆ ಎತ್ತಿದವಳು ಕೆಳಗಿಟ್ಟು, ಎರಡು ಕೈಯನ್ನೂ ಸೀರೆಗೆ ಒರೆಸಿಕೊಂಡು, ಮತ್ತೆ ಎತ್ತಿದೆ. ಎಲ್ಲವನ್ನೂ ಹಾಕಿ ಮುಗಿಸಿ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟಾಗ ಒಂದೂ ಐದು. ಇದರೊಳಗೆ ಒಂದು ತಾಸು. ತೊಳೆದು, ಇನ್ನೊಂದು ಔಷಧಿ ಹಾಕಿ ಅರ್ಧ ತಾಸು. ಮತ್ತೆ ತೊಳೆದು, ಬಣ್ಣದ ಔಷಧಿ ಹಾಕಿ ಕತ್ತಲಲ್ಲಿ ಕಾಲು ತಾಸಿನ ಮೇಲೆ. ಯಾವುದನ್ನೂ ಒಂದು ನಿಮಿಷ ಕಡಿಮೆ ಮಾಡುವ ಹಾಗಿಲ್ಲ. ಅವಸರ ಮಾಡಿದರೆ ಬಣ್ಣ ಪೂರ್ತಿ ಬರುವುದಿಲ್ಲ, ರೋಗ ಇದ್ದವಳಿಗೂ ಇಲ್ಲ ಎಂದಂತಾಗುತ್ತದೆ. ಇಲ್ಲ ಎಂದು ಬರಲಿ ಎಂದು ನಾನು ಬಯಸುತ್ತಿದ್ದೆ. ಅದಕ್ಕಾಗಿಯೇ ನನ್ನ ಮೇಲೆ ನನಗೆ ನಂಬಿಕೆ ಇರಲಿಲ್ಲ. ಟೈಮರನ್ನು ಕಾಕಾರ ಕೈಗೆ ಕೊಟ್ಟು, “ನಾ ಬೇಡಿದ್ರೂ ಮೊದಲ ತಗೀಬ್ಯಾಡ್ರಿ” ಎಂದೆ.

ಊಟದ ಡಬ್ಬಿ ಇಬ್ಬರೂ ತೆರೆಯಲಿಲ್ಲ. ಎರಡೂ ಇಪ್ಪತ್ತಕ್ಕೆ ನರ್ಸು ಫೋನು ಮಾಡಿದಳು.

“ಬ್ಯಾನಿ ಮ್ಯಾಲಿಂದ ಮ್ಯಾಲ ಬರಾಕತ್ತಾವ್ರಿ ಬಾಯಾರ. ಏನಾತ್ರಿ?”

“ಮಷೀನ್ ತಪ್ಪು ಅಳದೈತ್ರಿ. ಮುಂಜಾನಿ ನಾ ಹೇಳಿದ್ದನ್ನ ಹಿಡೀಬ್ಯಾಡ್ರಿ. ಕೈಲೆ ಮಾಡಾಕತ್ತೇನಿ. ಮೂರೂಕಾಲಿಗೆ ಹೇಳ್ತೇನಿ, ಡಾಕ್ಟರಿಗೆ ಹದಿನೈದು ನಿಮಿಷ ತಡಕೊಳ್ಳಾಕ ಹೇಳ್ರಿ. ಮತ್ತ ಆ ಮನಿಯವರಿಗೂ ಹೇಳ್ರಿ, ಇನ್ನೂ ಏನೂ ಖರೇ ಆಗಿಲ್ಲಂತ.”

“ಹೇಳ್ತೇನ್ರಿ,” ಎಂದಳು. ಆ ದನಿಯಲ್ಲಿ ಹೇಳುವ ಲಕ್ಷಣ ಕಾಣಲಿಲ್ಲ.

ಮೂರಕ್ಕೆ ಮತ್ತೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಮೂರೂ ಹತ್ತಕ್ಕೆ ಕಾಕಾ ಟೈಮರು ತೋರಿಸಿದರು. ಕತ್ತಲ ಪೆಟ್ಟಿಗೆಯಿಂದ ಪ್ಲೇಟು ತೆಗೆದು ಬಿಳಿ ಹಾಳೆಯ ಮೇಲಿಟ್ಟೆ. ಕಂಟ್ರೋಲಿನ ಗುಳಿ ಅರಿಸಿನದ ನೀರಿನಂತೆ ಹಳದಿಯಾಗಿತ್ತು. ತಂಗಡಗಿಯವಳ ಮೂರು ಗುಳಿಗಳಲ್ಲಿ ಹಳದಿ ನನ್ನ ಕಣ್ಣಿಗೆ ಇದ್ದೂ ಇಲ್ಲದಂತೆ ಕಂಡಿತು. ನನ್ನ ಕಣ್ಣನ್ನು ನಂಬದೆ, ಬಣ್ಣ ಓದುವ ಯಂತ್ರದೊಳಗೆ ಇಟ್ಟೆ. ಚೀಟಿ ಬಂತು. ಮೂರೂ ಗೆರೆಯ ಕೆಳಗೆ. ಇಂಡಿಯದು ಕೆಳಗೆ, ಬಾಗೇವಾಡಿಯದು ಕೆಳಗೆ. ಸಿಂದಗಿಯದು ಮಾತ್ರ ಗೆರೆಯ ಹತ್ತಿರವೇ ನಿಂತಿತ್ತು. ಅವರನ್ನು ಮತ್ತೆ ಕರೆಸಿ ಹೊಸ ರಕ್ತ ತೆಗೆಯಬೇಕಿತ್ತು, ಅದು ನಾಳೆಯ ಮಾತು.

ಕಾಕಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ನಾನು ಫೋನು ಹಚ್ಚಿದೆ. ಈ ಸಲ ನರ್ಸು ಎತ್ತಿದಳು.

“ಕ್ಲಿಯರ್ ಐತ್ರಿ ಸಿಸ್ಟರ್! ಆಕಿಗೆ ಏನೂ ಇಲ್ಲ!”

“ಹೋದ್ರಲ್ರಿ ಬಾಯಾರ. ಮೂರಕ್ಕ ಐದು ನಿಮಿಷ ಇದ್ದಾಗನ. ಡಾಕ್ಟರ್ ತಡೀಲಿಲ್ಲ. ಆಂಬುಲೆನ್ಸ್ ಬ್ಯಾರೆ ಕಡೆ ಹೋಗಿತ್ತು, ಬಿಳಿ ಕ್ರೂಸರ್ ಗಾಡಿ ಮಾಡ್ಕೊಂಡು ಹೋದ್ರು.”

ಗಂಡನ ನಂಬರು ಇಸಿದುಕೊಂಡು ಮಾಡಿದೆ. ನೆಟ್‌ವರ್ಕ್ ಇರಲಿಲ್ಲ. ಮತ್ತೆ ಮಾಡಿದೆ, ಇರಲಿಲ್ಲ. ಮುದ್ದೇಬಿಹಾಳದಿಂದ ವಿಜಯಪುರಕ್ಕೆ ಹೋಗುವ ಗಾಡಿ ಬಾಗೇವಾಡಿ ದಾಟಿಯೇ ಹೋಗಬೇಕು. ನಮ್ಮ ಲ್ಯಾಬು ಇರುವುದು ಅದೇ ರಸ್ತೆಯಲ್ಲಿ. ನಮ್ಮೂರ ಹೆರಿಗೆ ಆಸ್ಪತ್ರೆಯ ಡಾಕ್ಟರಮ್ಮನಿಗೆ ಫೋನು ಮಾಡಿ ಎಲ್ಲವನ್ನೂ, ನನ್ನ ತಪ್ಪನ್ನೂ ಸೇರಿಸಿ ಹೇಳಿದೆ. “ಲಗೂನ ಕರಕೊಂಡು ಬಾ, ಉಳಿದದ್ದು ಆಮ್ಯಾಲ ಮಾತಾಡೂಣು,” ಎಂದರು ಅವರು. ರಿಪೋರ್ಟಿಗೆ ಸಹಿ ಮಾಡಿ, ಕಾಕಾರನ್ನು ಎಬ್ಬಿಸಿಕೊಂಡು ರಸ್ತೆಗೆ ಬಂದೆ.

ಮೂರೂವರೆಯ ಬಿಸಿಲು. ಬಿಳಿ ಕ್ರೂಸರ್ ಗಾಡಿಗಳಿಗೆ ನಮ್ಮ ಕಡೆ ಏನು ಕಡಿಮೆ? ಮೊದಲನೆಯದನ್ನು ನಿಲ್ಲಿಸಿದೆವು, ಮದುವೆಯ ಮಂದಿ. ಎರಡನೆಯದರಲ್ಲಿ ಉಳ್ಳಾಗಡ್ಡಿ ಚೀಲಗಳು, ಡ್ರೈವರು ಬೈದು ಹೋದ. ಅಷ್ಟರಲ್ಲಿ ದಾಟಿ ಹೋಗಿಬಿಟ್ಟರೇನೋ? ನಾಲ್ಕಕ್ಕೆ ಐದು ನಿಮಿಷವಿರುವಾಗ ಮೂರನೆಯದು ಕಂಡಿತು. ಕಾಕಾ ರಸ್ತೆಯ ನಟ್ಟನಡುವೆ ಎರಡೂ ಕೈ ಎತ್ತಿ ನಿಂತರು. ಗಾಡಿ ಅವರಿಂದ ಒಂದು ಮಾರಿನಷ್ಟು ದೂರದಲ್ಲಿ ಕಿರ್ರೆಂದು ನಿಂತಿತು.

ಮುಂದೆ ಡ್ರೈವರಿನ ಪಕ್ಕದಲ್ಲಿ ಗಂಡ, ಅವನ ಪಕ್ಕಕ್ಕೆ ಒತ್ತಿಕೊಂಡು ಅವನ ತಾಯಿ. ನಡುವಿನ ಸೀಟಿನಲ್ಲಿ ಗಂಟು, ಚೀಲ, ಕೊಡ. ಹಿಂದಿನ ಉದ್ದ ಸೀಟಿನಲ್ಲಿ ಒಬ್ಬಳೇ ಹುಡುಗಿ, ಕೆಳಗೆ ಹಳೆಯ ಚಾದರ ಹಾಸಿ, ಎರಡು ಕೈಯಿಂದ ಕಿಟಕಿಯ ಸರಳು ಹಿಡಿದುಕೊಂಡು ಕುಳಿತಿದ್ದಳು. ಅಷ್ಟು ಜಾಗ ಬಿಟ್ಟು ಮೂವರು ಮುಂದೆ ಯಾಕೆ ಒತ್ತಿಕೊಂಡಿದ್ದಾರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಬೆಳಿಗ್ಗೆ ಫೋನಿನಲ್ಲಿ ನಾನು ಆಡಿದ ಒಂದು ಮಾತು ಆಕೆಯನ್ನು ಅಲ್ಲಿ ಕೂರಿಸಿತ್ತು.

ಹಿಂದಿನ ಬಾಗಿಲು ತೆಗೆದೆ. ಆಕೆಯ ತುಟಿಗಳು ಒಣಗಿ ಬಿರಿದಿದ್ದವು.

“ತಂಗಿ, ನಾನು ಲ್ಯಾಬಿನಾಕಿ. ನಿನಗ ಏನೂ ರೋಗ ಇಲ್ಲ. ಮುಂಜಾನಿ ಹೇಳಿದ್ದು ತಪ್ಪು. ಮಷೀನಿಂದು...” ಎಂದವಳು ತಡೆದೆ. “ಮಷೀನಿಂದಲ್ಲ, ನಂದ ತಪ್ಪು. ಅಳತಿ ಕೆಡಿಸಿದಾಕಿ ನಾನ.”

ಒಂದು ಬ್ಯಾನೆ ಬಂದು ಹೋಗುವವರೆಗೆ ಆಕೆ ಸರಳು ಬಿಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ, ಅಳು ಇರಲಿಲ್ಲ.

“ನನಗ್ಯಾಕ ಹೇಳ್ತೀರಿ ಅಕ್ಕಾರ?” ಎಂದಳು. “ಮುಂದ ಕುಂತಾರಲ್ರಿ, ಅವರಿಗೆ ಹೇಳ್ರಿ.”

ಮುಂದೆ ಹೋದೆ. ಕಾಗದವನ್ನು ಕಿಟಕಿಯೊಳಗೆ ಹಿಡಿದು ಅದೇ ಮಾತನ್ನು ಮತ್ತೆ ಹೇಳಿದೆ, ಈ ಸಲ ರಸ್ತೆಯ ಮಂದಿಗೆಲ್ಲ ಕೇಳುವಷ್ಟು ಜೋರಾಗಿ. ಗಂಡ ಕಾಗದ ತೆಗೆದುಕೊಂಡು ನೋಡುತ್ತಲೇ ಇದ್ದ, ಓದಲಿಲ್ಲ. ಅವನ ತಾಯಿ ನನ್ನ ಮುಖ ನೋಡಿದಳು.

“ಮುಂಜಾನಿ ಒಂದು ಹೇಳಿದ್ರಿ, ಈಗೊಂದು ಹೇಳ್ತೀರಿ. ಸಂಜಿಗೆ ಮತ್ತೊಂದು ಹೇಳ್ತೀರೇನು?”

“ಇಲ್ಲ ಯವ್ವಾ. ಕೈಲೆ ಮೂರು ಸಲ ಮಾಡೇನಿ. ಆಕಿನ್ನ ಮುಟ್ಟಿದ್ರ ಯಾರಿಗೂ ಏನೂ ಆಗೂದಿಲ್ಲ. ರೋಗ ಇದ್ದಿದ್ರೂ ಮುಟ್ಟಿದ್ರ ಆಗತಿದ್ದಿಲ್ಲ.”

ಮುದುಕಿ ಕಾಲ ಬಳಿಯಿದ್ದ ನೀರಿನ ಬಾಟಲಿಯ ಕಡೆ ನೋಡಿದಳು.

“ಮುಂಜಾನಿಂದ ಆಕಿಗೆ ನೀರ ಕೊಟ್ಟಿಲ್ರಿ ನಾವು,” ಎಂದಳು. “ಬಾಟ್ಲಿ ಒಂದ ಇತ್ತು.”

ಅದನ್ನು ಕೇಳಿ ಡ್ರೈವರು ಇಂಜಿನ್ ಬಂದ್ ಮಾಡಿದ. ಮುದುಕಿ ಇಳಿದಳು. ಬಾಟಲಿ ಹಿಡಿದು ಹಿಂದೆ ಬಂದು ಸೊಸೆಗೆ ಚಾಚಿದಳು. ಹುಡುಗಿ ಅತ್ತೆಯ ಕಡೆ ನೋಡದೆ ಬಾಟಲಿ ಇಸಿದುಕೊಂಡು, ಕಚ್ಚಿ ಕುಡಿದಳು, ಪೂರ್ತಿ ಮುಗಿಯುವವರೆಗೂ ಬಾಯಿಂದ ತೆಗೆಯಲಿಲ್ಲ. ಮುದುಕಿ ಹತ್ತಿ ಅದೇ ಸೀಟಿನ ಬಾಗಿಲ ಕಡೆಯ ತುದಿಗೆ ಕುಳಿತಳು. ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಹಾಗೆಯೇ ಉಳಿಯಿತು. ನಾನು ಹತ್ತಿ ಆ ಜಾಗದಲ್ಲಿ ಕುಳಿತು, ಹುಡುಗಿಯ ಕೈಯನ್ನು ಸರಳಿನಿಂದ ಬಿಡಿಸಿ ನನ್ನ ಕೈಯಲ್ಲಿ ಹಿಡಿದುಕೊಂಡು, ಡ್ರೈವರಿಗೆ ನಮ್ಮೂರ ಹೆರಿಗೆ ಆಸ್ಪತ್ರೆಯ ದಾರಿ ಹೇಳಿದೆ.